ರೊಕ್ಕ ಕಟ್ಟಿದವರಿಗಷ್ಟೇ ಓಟಾ?

ತೆರಿಗೆ ಕಟ್ಟುವವರಿಗೆ ಮಾತ್ರ ಓಟು ಕೊಡಬೇಕು ಎಂಬ ಮಾತು ಈಗ ನಮ್ಮ ಕಡೆ ಜೋರಾಗಿದೆ. ಗಂಗಾವತಿಯ ಅಕ್ಕಿ ಅಂಗಡಿಯಲ್ಲಿ ಕೇಳಿದ್ದೇನೆ, ಸಿಂಧನೂರಿನ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಹೊರನಾಡಿನಲ್ಲಿರುವ ನಮ್ಮಂಥವರ ವಾಟ್ಸಾಪ್ ಗುಂಪುಗಳಲ್ಲಂತೂ ಇದು ಬಂದು ಹೋಗದ ವಾರವಿಲ್ಲ. ಮಾತು ಹಳೆಯದೇ. 2023ರಲ್ಲಿ ಗ್ಯಾರಂಟಿ ಯೋಜನೆಗಳು ಶುರುವಾದ ಮೇಲೆ ಅದಕ್ಕೆ ಹೊಸ ಜೀವ ಬಂತು. ಹೆಂಗಸರಿಗೆ ತಿಂಗಳಿಗೆ 2000 ರೂಪಾಯಿ, ಬಸ್ಸು ಪುಕ್ಕಟೆ, 200 ಯೂನಿಟ್‌ವರೆಗೆ ಕರೆಂಟು ಪುಕ್ಕಟೆ. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ನನ್ನ ಸೋದರಮಾವ ಫೋನ್ ಮಾಡಿದಾಗೆಲ್ಲ ಇದನ್ನೇ ಎತ್ತುತ್ತಾರೆ. "ನಾವು ಕಟ್ಟೋದು, ಅವ್ರು ತಿನ್ನೋದು. ಮತ್ತ ಓಟು ನೋಡಿದ್ರ ಅವ್ರವ ಜಾಸ್ತಿ. ಇದು ಯಾ ಊರ ನ್ಯಾಯ ಹೇಳಪಾ?"

ಮಾವನ ಸಿಟ್ಟನ್ನು ಸುಮ್ನೆ ನಕ್ಕು ತಳ್ಳಿಹಾಕುವಂತಿಲ್ಲ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ದಂಡ ಬೀಳುತ್ತದೆ. ಅಂಗಡಿ ಮುಂದಿನ ರಸ್ತೆ ಮಾತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ. ಅವರಿಗೆ ಕೋಪ ಬರುವುದು ಸಹಜ. ಆದರೆ ಆ ಕೋಪಕ್ಕೆ ಅವರು ಹುಡುಕಿಕೊಂಡಿರುವ ಪರಿಹಾರ ಎಲ್ಲರಿಗಿಂತ ಮೊದಲು ಅವರಿಗೇ ತಿರುಗಿ ಹೊಡೆಯುತ್ತದೆ ಅಂತ ನನ್ನ ಅನಿಸಿಕೆ.

ನಾನು ಕೊಪ್ಪಳ ಜಿಲ್ಲೆಯವನು. ಈಗ ಇರುವುದು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಎಂಬ ಊರಲ್ಲಿ. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಇಲ್ಲಿ ತೆರಿಗೆಗೂ ಓಟಿಗೂ ಇರುವ ನಂಟನ್ನು ನೋಡಿದರೆ ಮಾವನಿಗೆ ತಲೆ ತಿರುಗಬಹುದು. ನನ್ನ ಸಂಬಳದ ದೊಡ್ಡ ಪಾಲು ಇಲ್ಲಿನ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಏನು ಕೊಂಡರೂ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ಊಟ ತಿಂಡಿಯ ಸಾಮಾನಿಗೆ ಶೇಕಡಾ 9, ಉಳಿದ ಹೆಚ್ಚಿನವಕ್ಕೆ 21. ಅದೂ ಕೇಂದ್ರಕ್ಕೇ. ಆದರೆ ಸಂಸತ್ತಿನ ಚುನಾವಣೆಯಲ್ಲಿ ನನಗೆ ಓಟಿಲ್ಲ, ಅದು ಪ್ರಜೆಗಳಿಗೆ ಮಾತ್ರ. ಊರಿನ ನಗರಸಭೆಗೆ ನಾನು ಕಟ್ಟುವುದು ಸ್ವಲ್ಪವೇ ಸ್ವಲ್ಪ. ಅಲ್ಲಿ ನನಗೆ ಓಟಿದೆ! ಕಾನೂನುಬದ್ಧವಾಗಿ ಐದು ವರ್ಷ ಬಿಡದೆ ಇಲ್ಲಿ ವಾಸವಿದ್ದರೆ ಯಾವ ದೇಶದವನಾದರೂ ನಗರಸಭೆಗೆ ಓಟು ಹಾಕಬಹುದು. 1986ರ ಚುನಾವಣೆಯಿಂದ ಈ ಪದ್ಧತಿ ಇದೆ. ಎಷ್ಟು ಕಟ್ಟಿದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಬದುಕುತ್ತಿದ್ದೀಯಾ, ಈ ಊರಿನ ಕಸ, ರಸ್ತೆ, ಶಾಲೆ ನಿನ್ನವೂ ಹೌದಾ ಎಂಬುದಷ್ಟೇ ಲೆಕ್ಕ.

ಮಾವನ ವಾದಕ್ಕೆ ಬರೋಣ. ತೆರಿಗೆ ಕಟ್ಟುವವರು ಅಂದರೆ ಯಾರು?

ಹೆಚ್ಚಿನವರ ಮನಸ್ಸಲ್ಲಿ ಇರುವುದು ಆದಾಯ ತೆರಿಗೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 97 ಕೋಟಿ ಮತದಾರರು. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಅದರ ಹತ್ತನೇ ಒಂದು ಪಾಲೂ ಇಲ್ಲ. ಸಲ್ಲಿಸಿದವರಲ್ಲೂ ಬಹಳ ಜನರ ತೆರಿಗೆ ಸೊನ್ನೆ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ 12 ಲಕ್ಷದವರೆಗೆ ಆದಾಯ ಇದ್ದವರಿಗೆ ತೆರಿಗೆ ಇಲ್ಲ ಅಂದರು. ಎಲ್ಲರೂ ಖುಷಿಪಟ್ಟರು. ಮಾವನ ಕಾನೂನು ಜಾರಿಯಲ್ಲಿದ್ದಿದ್ದರೆ ಅದೇ ರಾತ್ರಿ ಆ ಮಧ್ಯಮ ವರ್ಗದವರ ಓಟೂ ಹೋಗುತ್ತಿತ್ತು. ಹಣಕಾಸು ಸಚಿವರು ಬಜೆಟ್ ಭಾಷಣದಲ್ಲಿ ಒಂದು ಅಂಕಿ ಬದಲಿಸಿದರೆ ಮತದಾರರ ಪಟ್ಟಿಯೇ ಬದಲು. ಯಾವ ಸರ್ಕಾರದ ಕೈಗೆ ಇಂಥ ಕೀಲಿ ಕೊಡಲು ನಿಮಗೆ ಧೈರ್ಯವಿದೆ?

ಇನ್ನು ಒಕ್ಕಲುತನ. 1961ರ ಆದಾಯ ತೆರಿಗೆ ಕಾಯ್ದೆಯೇ ಕೃಷಿ ಆದಾಯವನ್ನು ಹೊರಗಿಟ್ಟಿತ್ತು. ಕಾರಟಗಿ, ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುವ ದೊಡ್ಡ ಜಮೀನುದಾರರು ಇದ್ದಾರೆ. ಭತ್ತದ ಆದಾಯದ ಮೇಲೆ ಅವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಅವರ ಓಟು ಕಿತ್ತುಕೊಳ್ಳೋಣ ಅಂತ ಗಂಗಾವತಿಯಲ್ಲಿ ನಿಂತು ಹೇಳುವ ಧೈರ್ಯ ಯಾವ ವ್ಯಾಪಾರಿಗೂ ಇಲ್ಲ, ನಮ್ಮ ಮಾವನಿಗಂತೂ ಇಲ್ಲವೇ ಇಲ್ಲ. ಅವರಿಗೂ ಗದ್ದೆ ಇದೆ ನೋಡಿ.

ಹಾಗಾದರೆ ಯಾವುದೇ ತೆರಿಗೆ ಆದರೂ ಸರಿ ಅನ್ನೋಣವೇ? ಆಗ ಹೊರಗೆ ಉಳಿಯುವವರು ಯಾರೂ ಇರುವುದಿಲ್ಲ. ಸೋಪು, ಟೂತ್‌ಪೇಸ್ಟು, ಮೊಬೈಲ್ ರೀಚಾರ್ಜ್, ಬೈಕಿಗೆ ಹಾಕಿಸುವ ಪೆಟ್ರೋಲು, ಎಲ್ಲದರಲ್ಲೂ ತೆರಿಗೆ ಇದೆ. ಕುಷ್ಟಗಿ, ದೇವದುರ್ಗ ಕಡೆಯಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಾರೆ. ಅವರೇ ಊರಿಗೆ ಬಂದು ಎರಡು ಖೋಲಿಯ ಮನೆ ಕಟ್ಟಿಸುವಾಗ ತರುವ ಸಿಮೆಂಟಿನ ಮೇಲೆ 2017ರಿಂದ 2025ರ ಸೆಪ್ಟೆಂಬರ್‌ವರೆಗೆ ಶೇಕಡಾ 28 ಜಿಎಸ್‌ಟಿ ಇತ್ತು. ಸೆಸ್ ಬಿಟ್ಟರೆ ಐಷಾರಾಮಿ ಕಾರಿಗೆ ಹಾಕುತ್ತಿದ್ದ ದರವೂ ಅದೇ. ಇನ್ನು ಕುಡುಕರ ಲೆಕ್ಕ ತೆಗೆದರೆ ಕಥೆಯೇ ಬೇರೆ. ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ 30 ಸಾವಿರ ಕೋಟಿಗಿಂತ ಜಾಸ್ತಿ ಬರುತ್ತದೆ. ಕಟ್ಟಿದ್ದಕ್ಕೆ ತಕ್ಕ ಓಟು ಅಂದರೆ ಸಂಜೆ ಬಾರ್ ಮುಂದೆ ನಿಲ್ಲುವವರಿಗೆ ತಲಾ ಎರಡು ಓಟಾದರೂ ಕೊಡಬೇಕಾಗುತ್ತದೆ.

ಮಾವನನ್ನು ಒಮ್ಮೆ ಕೆಣಕಿದ್ದೆ. 2022ರ ಜುಲೈನಲ್ಲಿ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಬಂತು. 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಅದಾದ ಮೇಲೆ ನಮ್ಮ ಕಡೆ ಸೋನಾ ಮಸೂರಿ 26 ಕೆಜಿ ಚೀಲದಲ್ಲಿ ಬರತೊಡಗಿತು. "ಮಾವಾ, ಆ ಒಂದು ಕೆಜಿ ಯಾಕ ಜಾಸ್ತಿ ಹಾಕ್ತೀರಿ, ಧರ್ಮಕ್ಕಾ?" ಅಂದೆ. ಅವರು ಜೋರಾಗಿ ನಕ್ಕು, "ಕಾನೂನು ಪ್ರಕಾರನ ಐತಲ್ಲೋ" ಅಂದರು. ಹೌದು, ಕಾನೂನು ಪ್ರಕಾರವೇ ಇದೆ. ತೆರಿಗೆಯನ್ನು ಕಾನೂನು ಪ್ರಕಾರವೇ ತಪ್ಪಿಸಬಹುದು ಅಂತಾದರೆ ಅದನ್ನು ಓಟಿಗೆ ಅಳತೆಗೋಲು ಮಾಡುವುದು ಹೇಗೆ?

ಇದೇನು ಹೊಸ ಪ್ರಯೋಗವಲ್ಲ. ನಮ್ಮ ನೆಲದಲ್ಲೇ ಆಗಿ ಹೋಗಿದೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಡಿ 1937ರಲ್ಲಿ ಚುನಾವಣೆ ನಡೆದಾಗ ಓಟು ಇದ್ದದ್ದು ಪಟ್ಟಾ ಜಮೀನಿದ್ದವರಿಗೆ, ಮನೆ ಕಂದಾಯ, ವೃತ್ತಿ ತೆರಿಗೆ, ಆದಾಯ ತೆರಿಗೆ ಕಟ್ಟುವವರಿಗೆ, ಜೊತೆಗೆ ಓದು ಬರಹ ಬಂದವರಿಗೆ. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಅಂಥವರು ಮೂರು ಕೋಟಿಯ ಆಸುಪಾಸು. ಹೊಳೆ ದಾಟಿದರೆ ರಾಯಚೂರು, ಕೊಪ್ಪಳ. ಅದು ನಿಜಾಮರ ರಾಜ್ಯ, ಕೊಪ್ಪಳ ಸಾಲಾರ್ ಜಂಗರ ಜಹಗೀರು. ಅಲ್ಲಿ ಕಂದಾಯ ಮಾತ್ರ ಕಟ್ಟಬೇಕು, ಸರ್ಕಾರ ಆರಿಸುವ ಓಟಿನ ಮಾತೇ ಇಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1952ರ ಹೊತ್ತಿಗೆ ಮೊದಲ ಸಾರ್ವತ್ರಿಕ ಚುನಾವಣೆ. ಬಳ್ಳಾರಿಯವರು ಮದ್ರಾಸ್ ರಾಜ್ಯದವರಾಗಿ, ರಾಯಚೂರಿನವರು ಹೈದರಾಬಾದ್ ರಾಜ್ಯದವರಾಗಿ ಓಟು ಹಾಕಿದರು. ಆದರೆ ತುಂಗಭದ್ರೆಯ ಆಚೆ ಈಚೆ 21 ವರ್ಷ ತುಂಬಿದವರಿಗೆಲ್ಲ ಒಂದೇ ಓಟು. ಪಟ್ಟಾ ಇದ್ದವನಿಗೂ ಒಂದು, ಅವನ ಹೊಲದಲ್ಲಿ ಕಳೆ ತೆಗೆಯುವವಳಿಗೂ ಒಂದು. ಆ ಸಲ ದೇಶದ ಮತದಾರರ ಸಂಖ್ಯೆ 17 ಕೋಟಿ ದಾಟಿತ್ತು.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಒಂದಿದೆ. ಎಲ್ಲರಿಗೂ ಓಟು ಅಂತ ಬರೆದ ಸಂವಿಧಾನ ಸಭೆಯ ಹೆಚ್ಚಿನ ಸದಸ್ಯರನ್ನು ಆರಿಸಿದ್ದು ಪ್ರಾಂತ್ಯಗಳ ಶಾಸಕರು. ಆ ಶಾಸಕರನ್ನು ಆರಿಸಿದ್ದು ಆಸ್ತಿ, ತೆರಿಗೆ, ಓದು ನೋಡಿ ಓಟು ಪಡೆದ ಕೆಲವೇ ಜನ. ಅಂದರೆ ರೊಕ್ಕದ ಬಾಗಿಲಿನಿಂದ ಒಳಗೆ ಬಂದವರೇ ಆ ಬಾಗಿಲನ್ನು ಕಿತ್ತು ಎಸೆದರು. ಅವರಿಗೆ ಆ ಪದ್ಧತಿ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿದ್ದರಿಂದಲೇ ಬೇಡ ಅಂದರು.

ನೆದರ್‌ಲ್ಯಾಂಡ್ಸ್‌ನವರೂ ಇದನ್ನು ಮಾಡಿ ನೋಡಿದವರೇ. 1848ರ ಸಂವಿಧಾನದಲ್ಲಿ ನೇರ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಓಟು. ಊರಿಗೆ ತಕ್ಕಂತೆ 20ರಿಂದ 160 ಗಿಲ್ಡರ್‌ವರೆಗೆ (ಆಗಿನ ಇಲ್ಲಿನ ನಾಣ್ಯ) ತೆರಿಗೆಯ ಮಿತಿ. 1883ರಲ್ಲಿ ಅಲೆಟಾ ಯಾಕೊಬ್ಸ್ ಎಂಬ ವೈದ್ಯೆ, ಈ ದೇಶದ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರಾದ ಮೊದಲ ಹೆಣ್ಣುಮಗಳು, ಆಂಸ್ಟರ್‌ಡ್ಯಾಂನಲ್ಲಿ ಅರ್ಜಿ ಹಾಕಿದಳು. ನಾನು ಬೇಕಾದಷ್ಟು ತೆರಿಗೆ ಕಟ್ಟುತ್ತೇನೆ, ಹೆಂಗಸರಿಗೆ ಇಲ್ಲ ಅಂತ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ನನ್ನ ಹೆಸರು ಪಟ್ಟಿಗೆ ಸೇರಿಸಿ ಅಂತ. ಸೇರಿಸಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದಳು, ಸೋತಳು. 1887ರಲ್ಲಿ ಸಂವಿಧಾನ ತಿದ್ದಿದಾಗ ಓಟು ಗಂಡಸರಿಗೆ ಮಾತ್ರ ಅಂತ ಬಿಡಿಸಿ ಬರೆದೇ ಬಿಟ್ಟರು. ತೆರಿಗೆಯೇ ನ್ಯಾಯದ ಲೆಕ್ಕ ಆಗಿದ್ದರೆ ಆಕೆಗೆ ಓಟು ಸಿಗಬೇಕಿತ್ತು ಅಲ್ವಾ? ತೆರಿಗೆ ಬರೀ ನೆಪ. ಯಾರು ಒಳಗಿರಬೇಕು, ಯಾರು ಹೊರಗಿರಬೇಕು ಎಂಬುದು ಮೊದಲೇ ತೀರ್ಮಾನ ಆಗಿರುತ್ತದೆ. ಬೇಡದವರು ತೆರಿಗೆ ಕಟ್ಟಿಕೊಂಡು ಬಾಗಿಲಿಗೆ ಬಂದರೆ ಹೊಸ ಷರತ್ತು ಹಾಕುತ್ತಾರೆ.

ಮುಂದೆ 1896ರಲ್ಲಿ ತಂದ ಕಾನೂನು ಇನ್ನೂ ತಮಾಷೆ. ತೆರಿಗೆ ಕಟ್ಟಿದವನಿಗೆ ಓಟು, ಇಷ್ಟು ಬಾಡಿಗೆಯ ಮನೆಯಲ್ಲಿ ಇದ್ದವನಿಗೆ ಓಟು, ಇಷ್ಟು ಕೂಲಿ ಇದ್ದವನಿಗೆ ಓಟು, ಉಳಿತಾಯ ಖಾತೆಯಲ್ಲಿ ಇಷ್ಟು ಹಣ ಇಟ್ಟವನಿಗೆ ಓಟು, ಇಂಥ ಪರೀಕ್ಷೆ ಪಾಸಾದವನಿಗೆ ಓಟು. ಹೊರಗಿನವರ ಗಲಾಟೆ ಜೋರಾದಂತೆ ಪಟ್ಟಿ ಉದ್ದವಾಗುತ್ತಾ ಹೋಯಿತು. ಕೊನೆಗೆ 1917ರಲ್ಲಿ ಎಲ್ಲ ಗಂಡಸರಿಗೆ, 1919ರಲ್ಲಿ ಹೆಂಗಸರಿಗೂ ಓಟು ಬಂತು. ಆ ಪಟ್ಟಿ ಮ್ಯೂಸಿಯಂ ಸೇರಿತು.

ಓಟಿಗೂ ರೊಕ್ಕಕ್ಕೂ ಗಂಟು ಹಾಕಿದ ಪದ್ಧತಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಯೂರೋಪಿನವರೆಗೆ ಬರಬೇಕಾಗಿಲ್ಲ. ನಮ್ಮೂರ ಸಹಕಾರ ಸಂಘದ ಚುನಾವಣೆ ನೋಡಿದವರಿಗೆ ಗೊತ್ತು. ಸುಸ್ತಿದಾರರಿಗೆ ಓಟಿಲ್ಲ. ಚುನಾವಣೆ ಹತ್ತಿರ ಬಂದಂತೆ ಅರ್ಹರ ಪಟ್ಟಿ, ಅನರ್ಹರ ಪಟ್ಟಿ ಅಂತ ಜಗಳ, ಕೋರ್ಟಿನಿಂದ ತಡೆಯಾಜ್ಞೆ. ಎಷ್ಟೋ ಕಡೆ ನಿಂತವರೇ ಬಂದು ತಮ್ಮ ಕಡೆಯವರ ಬಾಕಿ ಕಟ್ಟಿ ಓಟು ಹುಟ್ಟಿಸಿಕೊಳ್ಳುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಹೀಗೇ ಆಗಿತ್ತು. ಅಲ್ಲಿ ಓಟು ಹಾಕಲು ತಲೆಗಂದಾಯದ ರಸೀದಿ ಬೇಕಿತ್ತು. ಕರಿಯರನ್ನೂ ಬಡ ಬಿಳಿಯರನ್ನೂ ದೂರ ಇಡುವುದಕ್ಕೆ ತಂದದ್ದು. ಊರ ಮುಖಂಡರು ತಾವೇ ರೊಕ್ಕ ಕಟ್ಟಿ ರಸೀದಿ ಕಟ್ಟುಗಳನ್ನೇ ತಂದು ಹಂಚುತ್ತಿದ್ದರು. 1964ರಲ್ಲಿ ಸಂವಿಧಾನ ತಿದ್ದಿ ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಅದನ್ನು ತೆಗೆದರು. 1966ರಲ್ಲಿ ರಾಜ್ಯಗಳ ಚುನಾವಣೆಯಲ್ಲೂ ನಡೆಯದು ಎಂದು ಸುಪ್ರೀಂ ಕೋರ್ಟ್ ಹೇಳಿತು. ವರ್ಜೀನಿಯಾ ರಾಜ್ಯದ ಆ ಕಂದಾಯ ವರ್ಷಕ್ಕೆ ಒಂದೂವರೆ ಡಾಲರ್ ಮಾತ್ರ. ಅಷ್ಟು ಸಣ್ಣ ಮೊತ್ತವೂ ಸಾಕಿತ್ತು, ಜನರನ್ನು ಹೊರಗಿಡಲು. ನಮ್ಮಲ್ಲಿ ಓಟಿಗೆ ಇಷ್ಟು ಅಂತ ಹಂಚುವವರಿಗೆ ನಾಳೆ ತೆರಿಗೆ ರಸೀದಿ ಹಂಚುವುದು ಕಷ್ಟವೇ?

ಬ್ರಿಟನ್ನಿನಲ್ಲಿ ಇದು ಉಲ್ಟಾ ಆಯಿತು. 1990ರ ಸುಮಾರಿಗೆ ಥ್ಯಾಚರ್ ಸರ್ಕಾರ ತಲೆಗಿಷ್ಟು ಅಂತ ತೆರಿಗೆ ಹಾಕಿತು. ಮತದಾರರ ಪಟ್ಟಿ ನೋಡಿ ತೆರಿಗೆಯವರು ಹಿಡಿಯುತ್ತಾರೆ ಎಂದು ಬಹಳ ಜನ ಆ ಪಟ್ಟಿಯಿಂದಲೇ ಜಾರಿಕೊಂಡರು.

ಈಗ ನೀರಿನ ವಿಷಯ. ಇದನ್ನು ಹೇಳಲೆಂದೇ ಬರೆಯಲು ಕೂತದ್ದು.

ನೆದರ್‌ಲ್ಯಾಂಡ್ಸ್‌ನ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಒಡ್ಡು ಕಾಯುವುದು, ಕಾಲುವೆಯ ನೀರಿನ ಮಟ್ಟ ನೋಡಿಕೊಳ್ಳುವುದು, ಕೊಳಚೆ ನೀರು ಶುದ್ಧ ಮಾಡುವುದು, ಇದಕ್ಕೆಲ್ಲ ಇಲ್ಲಿ ನೀರಿನ ಮಂಡಳಿಗಳಿವೆ. ದೇಶದಲ್ಲಿ 21. ಸಂಸತ್ತಿಗಿಂತ ಎಷ್ಟೋ ಹಳೆಯವು, ಕೆಲವಕ್ಕೆ 13ನೇ ಶತಮಾನದ ಚರಿತ್ರೆ ಇದೆ. ಡೆಲ್ಫ್ಟ್ ಇರುವುದು ಡೆಲ್ಫ್‌ಲ್ಯಾಂಡ್ ಎಂಬ ಮಂಡಳಿಯಲ್ಲಿ. ಈ ಮಂಡಳಿಗಳು ತಮ್ಮದೇ ತೆರಿಗೆ ಹಾಕುತ್ತವೆ, ಅದಕ್ಕೆ ಬೇರೆಯೇ ಬಿಲ್ಲು ಮನೆಗೆ ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯೂ ಇದೆ, ಕಳೆದದ್ದು 2023ರ ಮಾರ್ಚ್‌ನಲ್ಲಿ. ಅದರಲ್ಲಿ ನಾನೂ ಓಟು ಹಾಕಿದೆ. ಕೆಂಪು ಪೆನ್ಸಿಲ್ ಕೊಡುತ್ತಾರೆ, ಟವೆಲ್ಲಿನಷ್ಟು ದೊಡ್ಡ ಮತಪತ್ರ.

ಮೊದಲು ಈ ಮಂಡಳಿಗಳಲ್ಲಿ ಮಾವನ ಕಾನೂನೇ ಇತ್ತು. ಜಮೀನು ಇದ್ದವನು ರೊಕ್ಕ ಕೊಡಬೇಕು, ಅವನ ಮಾತೇ ನಡೆಯಬೇಕು. ಶತಮಾನಗಟ್ಟಲೆ ಹಾಗೇ ನಡೆಯಿತು. ಒಡ್ಡು ಒಡೆದರೆ ಜಮೀನುದಾರನ ಹೊಲ ಮಾತ್ರ ಮುಳುಗುವುದಿಲ್ಲ, ಬಾಡಿಗೆ ಮನೆಯವನೂ ಮುಳುಗುತ್ತಾನೆ. ಈಗ ಅಲ್ಲಿ ವಾಸವಿರುವ 18 ತುಂಬಿದ ಎಲ್ಲರಿಗೂ ಓಟು, ನನ್ನಂಥ ಪರದೇಶದವರಿಗೂ. ಆದಾಯ ಕಡಿಮೆ ಇದ್ದವರು ಅರ್ಜಿ ಹಾಕಿದರೆ ನೀರಿನ ತೆರಿಗೆ ಮನ್ನಾ ಆಗುತ್ತದೆ. ತೆರಿಗೆ ಮನ್ನಾ ಆಯಿತೆಂದು ಓಟು ಹೋಗುವುದಿಲ್ಲ. ಹಾಗಂತ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. ಮಂಡಳಿಯಲ್ಲಿ ರೈತರಿಗೂ ಪರಿಸರ ಕಾಯುವವರಿಗೂ ಚುನಾವಣೆ ಇಲ್ಲದೆ ಸಿಗುವ ಕೆಲವು ಖಾಯಂ ಸೀಟುಗಳು ಇನ್ನೂ ಇವೆ. ಉದ್ಯಮಿಗಳಿಗಿದ್ದ ಅಂಥ ಸೀಟುಗಳನ್ನು ಈಚೆಗಷ್ಟೇ ತೆಗೆದರು. ರೈತರ ಸೀಟು ಇರಬೇಕೋ ಬೇಡವೋ ಅಂತ ನನಗೆ ಒಂದು ನಿರ್ಧಾರಕ್ಕೆ ಬರಲು ಆಗಿಲ್ಲ. ನೀರಿನ ಮೇಲೆ ಬದುಕು ನಿಂತವನ ಮಾತಿಗೆ ಸ್ವಲ್ಪ ಹೆಚ್ಚಿನ ತೂಕ ಇರಲಿ ಅಂತ ಒಂದು ಮನಸ್ಸು ಹೇಳುತ್ತದೆ, ನಮ್ಮ ಅಕ್ಕನ ಊರು ನೆನಪಾಗಿ.

ಅಕ್ಕನನ್ನು ಕೊಟ್ಟಿರುವುದು ಮಾನ್ವಿ ತಾಲ್ಲೂಕಿಗೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಲ್ಲಿ ಹುಟ್ಟಿ, ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ, ಮಾನ್ವಿ, ಸಿರವಾರ, ರಾಯಚೂರು ಕಡೆಗೆ ಹೋಗುತ್ತದೆ. ಇನ್ನೂರು ಕಿಲೋಮೀಟರಿಗಿಂತ ಉದ್ದ. ಮಾವ ಇರುವುದು ಮೇಲ್ಭಾಗದಲ್ಲಿ, ಅಕ್ಕ ಕೊನೆ ಭಾಗದಲ್ಲಿ. ಕಾಲುವೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಮೇಲಿನವರು ಭತ್ತಕ್ಕೆ ಇಳಿದರು. ಡ್ಯಾಮಿನಲ್ಲಿ ಹೂಳು ತುಂಬಿ 133 ಟಿಎಂಸಿ ಜಾಗ 105ರ ಹತ್ತಿರಕ್ಕೆ ಬಂದಿದೆ. ಕೊನೆ ಭಾಗಕ್ಕೆ ನೀರು ಬರುವುದೇ ಕಷ್ಟ. ನೀರು ಹಂಚುವ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಒಂದು ತೀರ್ಮಾನ, ಕಾಲುವೆಯ 69ನೇ ಮೈಲಿನಲ್ಲಿ ನೀರು ಅಳೆಯುವ ಗೇಜಿನಲ್ಲಿ ಇನ್ನೊಂದು ಕಥೆ. ಪ್ರತಿ ವರ್ಷ ಧರಣಿ, ರಸ್ತೆ ತಡೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮಾವನೂ ಅಕ್ಕನೂ ಒಂದೇ ಥರ ಹೆದರಿದ್ದು ನೋಡಿದೆ. ಅದು ಬಿಟ್ಟರೆ ಅವರಿಬ್ಬರ ನೀರು ಬೇರೆ ಬೇರೆ.

ನೀರಿನ ಕರ ಕಟ್ಟಿದವರಿಗೆ ಮಾತ್ರ ಓಟು ಅಂತ ಇಟ್ಟುಕೊಳ್ಳಿ. ಭತ್ತಕ್ಕೆ ಕರ ಜಾಸ್ತಿ, ಜೋಳಕ್ಕೆ ಕಡಿಮೆ, ನೀರು ಮುಟ್ಟದ ಹೊಲಕ್ಕೆ ಕರ ಎಲ್ಲಿಂದ ಬರಬೇಕು? ನಿಯಮ ಮೀರಿ ಭತ್ತ ಹಚ್ಚಿದ ಮೇಲ್ಭಾಗದವನು ಕರ ಕಟ್ಟಿ ದೊಡ್ಡ ಮತದಾರ ಆಗುತ್ತಾನೆ. ಅವನಿಂದಾಗಿ ನೀರು ಸಿಗದೆ ಬೆಳೆ ಒಣಗಿಸಿಕೊಂಡ ಅಕ್ಕನಿಗೆ ಓಟೇ ಇಲ್ಲ. ನೀರೂ ಹೋಯಿತು, ನೀರು ಕೇಳುವ ಬಾಯಿಯೂ ಹೋಯಿತು. ಎಲ್ಲ ತೆರಿಗೆಯ ಕಥೆಯೂ ಹೀಗೇ. ತೆರಿಗೆ ಕಟ್ಟುವ ಶಕ್ತಿ ಆಕಾಶದಿಂದ ಬೀಳುವುದಿಲ್ಲ. ಮೊದಲು ನೀರು, ರಸ್ತೆ, ಶಾಲೆ, ಕರೆಂಟು ಯಾರಿಗೆ ಸಿಕ್ಕಿತೋ ಅವರು ತೆರಿಗೆ ಕಟ್ಟುವವರಾದರು. ಸಿಗದವರು ಗುಳೆ ಹೋದರು.

ನೀರು ಬಳಕೆದಾರರ ಸಹಕಾರ ಸಂಘಗಳು ನಮ್ಮಲ್ಲೂ ಇವೆ, ಆದರೆ ಅಲ್ಲಿ ಸದಸ್ಯತ್ವ ಇರುವುದು ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರಿಗೆ. ಕುಡಿಯುವ ನೀರಿನ ಕೆರೆ ತುಂಬುವುದೂ ಇದೇ ಕಾಲುವೆಯಿಂದ. ಕೊಡ ಹಿಡಿದು ನಿಲ್ಲುವ ಜಮೀನಿಲ್ಲದ ಹೆಂಗಸಿಗೆ ಆ ಸಂಘದಲ್ಲಿ ಜಾಗ ಇಲ್ಲ.

ಈ ಲೆಕ್ಕವನ್ನು ಜಿಲ್ಲೆಗಳಿಗೆ ಹಚ್ಚಿ ನೋಡಿ, ಮಾವನಿಗೂ ಬಿಸಿ ತಟ್ಟುತ್ತದೆ. ತೆರಿಗೆಯ ಪ್ರಕಾರ ಓಟು ಹಂಚಿದರೆ ಕರ್ನಾಟಕದ ಓಟಿನ ರಾಶಿ ಬೆಂಗಳೂರಿನಲ್ಲಿ ಬಿದ್ದಿರುತ್ತದೆ. ಕೊಪ್ಪಳ, ರಾಯಚೂರಿನ ಪಾಲಿಗೆ ಚೂರು. 2002ರಲ್ಲಿ ನಂಜುಂಡಪ್ಪ ಸಮಿತಿ ಅತಿ ಹಿಂದುಳಿದ ತಾಲ್ಲೂಕುಗಳು 39 ಅಂತ ಗುರುತಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವು. ಓಟಿನ ಬಲ ಇದ್ದುದರಿಂದಲೇ ಹೋರಾಟಕ್ಕೆ ಬೆಲೆ ಬಂತು, 2012ರಲ್ಲಿ ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ಸಂವಿಧಾನ ತಿದ್ದುಪಡಿ ಆಯಿತು. ಮಾವನ ಮಗಳು ಇವತ್ತು ಅದೇ ಮೀಸಲಾತಿಯಲ್ಲಿ ಸೀಟು ಪಡೆದು ಓದುತ್ತಿದ್ದಾಳೆ. ತೆರಿಗೆ ನೋಡಿ ಓಟು ಕೊಟ್ಟಿದ್ದರೆ ಬೆಂಗಳೂರಿನವರು ನಮ್ಮ ಮಾತು ಯಾಕೆ ಕೇಳುತ್ತಿದ್ದರು?

ಬಳ್ಳಾರಿಯ ಗಣಿ ಕಾಲವನ್ನೂ ನೆನೆಯಿರಿ. ಕಬ್ಬಿಣದ ಅದಿರು ಚೀನಾಕ್ಕೆ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತಿದ್ದಾಗ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ ಇತ್ತು. ಬೆಲೆಯ ಶೇಕಡಾ 10 ಅಂತ ಆದದ್ದು 2009ರಲ್ಲಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿಯ ಪ್ರಕಾರ ಅಕ್ರಮ ಗಣಿಗಾರಿಕೆಯಿಂದ ಆದ ನಷ್ಟ 16 ಸಾವಿರ ಕೋಟಿಗೂ ಹೆಚ್ಚು. ಆ ದಿನಗಳಲ್ಲಿ ಕಟ್ಟಿದವನಿಗಷ್ಟೇ ಓಟು ಎಂಬ ನಿಯಮ ಇದ್ದಿದ್ದರೆ ಬಳ್ಳಾರಿಯಲ್ಲಿ ದೊಡ್ಡ ಮತದಾರರು ಯಾರಾಗುತ್ತಿದ್ದರು? ಸಂಡೂರಿನ ರಸ್ತೆ ಬದಿಯಲ್ಲಿ ಕೆಂಪು ಧೂಳು ಕುಡಿದವರಂತೂ ಅಲ್ಲ.

ಇಷ್ಟು ಹೇಳಿದ ಮೇಲೆ ಮಾವನ ಕಡೆಗೂ ಒಂದು ಮಾತು ಹೇಳಬೇಕು. ಇಲ್ಲಿ ತೆರಿಗೆ ಕಣ್ಣಿಗೆ ಕಾಣುತ್ತದೆ. ನೀರಿಗೆ ಇಷ್ಟು, ಕಸಕ್ಕೆ ಇಷ್ಟು, ಚರಂಡಿಗೆ ಇಷ್ಟು ಅಂತ ಬಿಡಿಸಿದ ಬಿಲ್ಲು ಬರುತ್ತದೆ. ಜಾಸ್ತಿ ಆದರೆ ಜನ ಕೇಳುತ್ತಾರೆ, ಚುನಾವಣೆಯಲ್ಲಿ ಅದೇ ಚರ್ಚೆ. ನಮ್ಮಲ್ಲಿ ಕೂಲಿಯವಳಿಗೆ ತಾನು ತೆರಿಗೆ ಕಟ್ಟುತ್ತಿದ್ದೇನೆ ಅಂತಲೇ ಯಾರೂ ಹೇಳಿಲ್ಲ. ಅವಳಿಗೆ ಸಿಗುವ 2000 ರೂಪಾಯಿ ಯಾರೋ ಕೊಟ್ಟ ದಾನದಂತೆ ಕಾಣುತ್ತದೆ, ಮಾವನಿಗೂ ಹಾಗೇ ಕಾಣುತ್ತದೆ. ಇಲ್ಲಿ ಮಕ್ಕಳ ಭತ್ಯೆ ಎಲ್ಲರಿಗೂ ಬರುತ್ತದೆ, ಇಂಜಿನಿಯರಿಗೂ ಬರುತ್ತದೆ, ಬಸ್ ಡ್ರೈವರಿಗೂ ಬರುತ್ತದೆ. ನಾನೂ ತಗೊಳ್ಳುತ್ತೇನೆ. ತಗೊಂಡವರ ಓಟು ಕಿತ್ತುಕೊಳ್ಳಿ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ಇನ್ನೊಂದು. ತೆರಿಗೆ ಕಟ್ಟಿಯೂ ಓಟು ಇಲ್ಲದ ಸ್ಥಿತಿ ನಮ್ಮ ಕಡೆ ನಿಜಕ್ಕೂ ಇದೆ, ಅದರ ಬಗ್ಗೆ ಯಾರಿಗೂ ಸಿಟ್ಟಿಲ್ಲ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣಗಳು ಮುಗಿಯಲೇ ಇಲ್ಲ. ಶಾಲೆ ಕಟ್ಟಡ, ಆಸ್ಪತ್ರೆ, ಹಳ್ಳಿ ರಸ್ತೆ ನೋಡುವ ಸಂಸ್ಥೆಗಳಲ್ಲಿ ತೆರಿಗೆ ಕಟ್ಟುವವನಿಗೂ ಓಟಿಲ್ಲ, ಕಟ್ಟದವನಿಗೂ ಇಲ್ಲ. ಮಾವನಂಥವರು ಇದನ್ನು ಹಿಡಿದು ಕೂತರೆ ನಾನು ಡೆಲ್ಫ್ಟ್‌ನಿಂದಲೇ ಚಪ್ಪಾಳೆ ಹೊಡೆಯುತ್ತೇನೆ.

ಕೊನೆಗೆ ನನ್ನದೇ ವಿಷಯ. ಊರಿನ ಬ್ಯಾಂಕಿನಲ್ಲಿ ನನ್ನ ಎನ್‌ಆರ್‌ಒ (ಹೊರದೇಶದಲ್ಲಿರುವ ಭಾರತೀಯರ) ಠೇವಣಿ ಇದೆ. ಬಡ್ಡಿಯಲ್ಲಿ ಶೇಕಡಾ 30 ಆದಾಯ ತೆರಿಗೆಯನ್ನು (ಟಿಡಿಎಸ್) ಮೊದಲೇ ಹಿಡಿಯುತ್ತಾರೆ. ಅಂದರೆ ಮಾವನ ಕಾನೂನಿನಲ್ಲಿ ಕೊಪ್ಪಳದ ಓಟು ನನಗೆ ಗ್ಯಾರಂಟಿ. ಮಾವನ ಗದ್ದೆಯಲ್ಲಿ ಮಂಡಿಯವರೆಗಿನ ಕೆಸರಲ್ಲಿ ನಿಂತು ಭತ್ತ ನಾಟಿ ಮಾಡುವವಳಿಗೆ ಇಲ್ಲ. ನಾಳೆ ಕೊಪ್ಪಳದಲ್ಲಿ ಆಸ್ಪತ್ರೆ ಮುಚ್ಚಿದರೆ ನನಗೇನು ಆಗುತ್ತದೆ?

ಈಗಿನ ಕಾನೂನಿನಲ್ಲಿ ನನ್ನಂಥವನು 6ಎ ಫಾರಂ ತುಂಬಿ ಹೆಸರು ಸೇರಿಸಬಹುದು, ಆದರೆ ಓಟು ಹಾಕಲು ಊರಿಗೇ ಬರಬೇಕು. ಹೊರದೇಶದಲ್ಲಿರುವ ಭಾರತೀಯರಿಗೆ ಅಂಚೆ ಮತ ಕೊಡಬಹುದು ಎಂದು ಚುನಾವಣಾ ಆಯೋಗ 2020ರಲ್ಲಿ ಸರ್ಕಾರಕ್ಕೆ ಬರೆದಿತ್ತು. ನಮ್ಮ ಗುಂಪುಗಳಲ್ಲಿ ಅದಕ್ಕಾಗಿ ಸಹಿ ಸಂಗ್ರಹವೂ ನಡೆಯುತ್ತದೆ. 2023ರ ಜನವರಿಯಲ್ಲಿ ಆಯೋಗ ಇನ್ನೊಂದು ಯಂತ್ರ ತೋರಿಸಿತು. ದೇಶದೊಳಗೇ ದುಡಿಯಲು ಹೋದವರು ಇದ್ದಲ್ಲಿಂದಲೇ ತಮ್ಮೂರಿಗೆ ಓಟು ಹಾಕುವ ಯಂತ್ರ. ಪಕ್ಷಗಳು ಅನುಮಾನ ಎತ್ತಿದವು, ಅದು ಅಲ್ಲೇ ನಿಂತಿತು. ಬೆಂಗಳೂರಿನ ಶೆಡ್ಡಿನಲ್ಲಿರುವ ಯಲಬುರ್ಗಾದ ಕೂಲಿಯವನು ಓಟಿಗಾಗಿ ಎರಡು ದಿನದ ಕೂಲಿ ಬಿಟ್ಟು ಬರಬೇಕು. ಇಲ್ಲವೇ ಯಾರೋ ಕಳಿಸಿದ ಗಾಡಿ ಹತ್ತಬೇಕು. ಗಾಡಿ ಹತ್ತಿದರೆ ಓಟು ಯಾರಿಗೆ ಎಂಬ ಪ್ರಶ್ನೆ ಅಲ್ಲೇ ಮುಗಿದಿರುತ್ತದೆ.

ಅದಕ್ಕೇ ನಮ್ಮ ಗುಂಪಿನ ಸಹಿ ಕಾಗದಕ್ಕೆ ನಾನು ಸಹಿ ಹಾಕಿಲ್ಲ. ಆ ಕೂಲಿಯವನಿಗೆ ಮೊದಲು ಇದ್ದಲ್ಲೇ ಓಟು ಹಾಕುವ ದಾರಿ ಮಾಡಲಿ. ನನ್ನ ಅಂಚೆ ಮತದ ವಿಷಯ ಆಮೇಲೆ ನೋಡಿದರಾಯಿತು.